ಷರತ್ತಿನ ಮೇಲೆ ಒಳಗೆ ಬಂದವರು

ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಒಂದು ಪಟ್ಟಿ ಇರುತ್ತದೆ. ನೀವೂ ನೋಡಿರುತ್ತೀರಿ. ‘ಪ್ರಥಮ ಮಹಿಳೆಯರು’ ಎಂದು ತಲೆಬರಹ. ದೇಶದ ಮೊದಲ ಮಹಿಳಾ ಪ್ರಧಾನಿ ಯಾರು, ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಯಾರು, ಇಂಗ್ಲಿಷ್ ಕಡಲ್ಗಾಲುವೆ ಈಜಿದ ಮೊದಲ ಭಾರತೀಯಳು ಯಾರು, ಜ್ಞಾನಪೀಠ ಪಡೆದ ಮೊದಲ ಲೇಖಕಿ ಯಾರು... ಎಡಗಡೆ ಸಾಧನೆ, ಬಲಗಡೆ ಹೆಸರು, ನಡುವೆ ಒಂದು ಸಾಲು ಚುಕ್ಕೆ. ಮಕ್ಕಳು ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಮಗ್ಗಿಯ ಹಾಗೆ ಉರುಹೊಡೆಯುತ್ತಾರೆ. ನಮ್ಮ ಕಾಲದಲ್ಲಿ ನಾವೂ ಹೊಡೆದವರೇ, ಆಗ ಪಟ್ಟಿ ಚಿಕ್ಕದಿತ್ತು ಅಷ್ಟೆ. ಇಂದಿರಾ ಗಾಂಧಿ, ಬಚೇಂದ್ರಿ ಪಾಲ್, ಆರತಿ ಸಾಹಾ, ಆಶಾಪೂರ್ಣಾ ದೇವಿ, ಹೀಗೆ ಹೆಸರುಗಳು ನಾಲಿಗೆಯ ತುದಿಯಲ್ಲೇ ಇರುತ್ತವೆ. ಆದರೆ ನಡುವಿನ ಆ ಚುಕ್ಕೆಗಳ ಸಾಲಿನಲ್ಲಿ ಏನು ನಡೆಯಿತು ಎಂದು ಯಾವ ಮೇಷ್ಟರೂ ಕೇಳುವುದಿಲ್ಲ. ಅದಕ್ಕೆ ಅಂಕವೂ ಇಲ್ಲ.

ಅದೇ ಪಟ್ಟಿಯಲ್ಲಿ ವಿಜ್ಞಾನದ ಸಾಲಿಗೆ ಬಂದರೆ ಕಮಲಾ ಸೊಹೊನಿ ಎಂಬ ಹೆಸರು ಸಿಗುತ್ತದೆ. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಬರೆದಿರುತ್ತಾರೆ. ಹಾಗಲ್ಲ, ಅವರಿಗಿಂತ ಮೊದಲೇ, 1931ರಲ್ಲಿ, ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಿ.ಎಸ್ಸಿ. ಪಡೆದಿದ್ದರು ಎಂದು ವಾದಿಸುವವರಿದ್ದಾರೆ. ಯಾರು ಮೊದಲು, ಯಾರು ಎರಡನೆಯವರು ಎಂಬ ಈ ಜಗಳ ನನಗೆ ಅಷ್ಟು ಮುಖ್ಯವಲ್ಲ. ನನ್ನನ್ನು ಹಿಡಿದಿಟ್ಟಿದ್ದು ಕಮಲಾ ಅವರು ಪದವಿ ಪಡೆದ ಕೇಂಬ್ರಿಜ್ ಅಲ್ಲ. ಅದಕ್ಕೂ ಆರು ವರ್ಷ ಮೊದಲು ನಮ್ಮ ಬೆಂಗಳೂರಿನಲ್ಲಿ ಅವರಿಗಾದ ಅನುಭವ.

ಹಳೆಯ ಬೆಂಗಳೂರಿಗರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹೊರಗಿನಿಂದಲಾದರೂ ನೋಡಿರುತ್ತೀರಿ. ಮಲ್ಲೇಶ್ವರದ ಆಚೆ, ದೊಡ್ಡ ದೊಡ್ಡ ಮರಗಳ ನಡುವೆ ಆ ಬೂದುಬಣ್ಣದ ಕಲ್ಲಿನ ಕಟ್ಟಡ, ಅದರ ಗೋಪುರ. ಜಮ್‌ಷೆಟ್‌ಜಿ ಟಾಟಾ ಅದರ ಕನಸು ಕಂಡರು. ಮೈಸೂರು ಸಂಸ್ಥಾನ 371 ಎಕರೆ ನೆಲ ಕೊಟ್ಟಿತು. 1909ರಲ್ಲಿ ಸಂಸ್ಥೆ ಹುಟ್ಟಿತು. ಟಾಟಾ ಅವರ ಯೋಜನೆ ಮೊದಲು ರೂಪುಗೊಂಡಾಗ ಮೈಸೂರನ್ನು ಆಳುತ್ತಿದ್ದವರು ಒಬ್ಬ ಹೆಂಗಸು ಎಂಬುದನ್ನು ನಾವು ಮರೆತುಬಿಡುತ್ತೇವೆ. ಮಗ ಚಿಕ್ಕವನೆಂದು 1895ರಿಂದ 1902ರವರೆಗೆ ರಾಜ್ಯದ ಹೊಣೆ ಹೊತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಆ ಸಂಸ್ಥಾನದ ನೆಲದಲ್ಲಿ ಎದ್ದ ವಿಜ್ಞಾನಮಂದಿರದ ಬಾಗಿಲಿಗೆ 1933ರಲ್ಲಿ ಒಬ್ಬ ಹುಡುಗಿ ಬಂದು ನಿಂತಳು. ಇವಳನ್ನು ಏನು ಮಾಡಬೇಕೆಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ!

ಆ ಹುಡುಗಿ ಕಮಲಾ ಭಾಗವತ್. ಹುಟ್ಟಿದ್ದು ಇಂದೋರಿನಲ್ಲಿ. ತಂದೆ ನಾರಾಯಣರಾವ್ ಭಾಗವತ್, ಅವರ ಸೋದರ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರ ಓದಿದವರು, ಇಬ್ಬರೂ ಇದೇ ಟಾಟಾ ಇನ್‌ಸ್ಟಿಟ್ಯೂಟಿನ ಹಳೆಯ ವಿದ್ಯಾರ್ಥಿಗಳು. ಹಾಗಾಗಿ ಆಕೆಗೆ ಅದೊಂದು ಪರಕೀಯ ಜಾಗವೇ ಅಲ್ಲ, ಮನೆಯ ಮಾತುಕತೆಯಲ್ಲಿ ದಿನಾ ಕೇಳಿದ ಹೆಸರು. ಬೊಂಬಾಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಆಕೆಯದೇ ಮೊದಲ ಸ್ಥಾನ. ಮುಂದೆ ಸಂಶೋಧನೆ ಮಾಡಬೇಕು, ಅದೂ ಅಪ್ಪ ಓದಿದಲ್ಲೇ ಮಾಡಬೇಕು ಎಂದು ಅರ್ಜಿ ಹಾಕಿದಳು. ಅರ್ಜಿ ತಿರಸ್ಕೃತವಾಯಿತು. ಅಂಕ ಕಡಿಮೆ ಎಂದಲ್ಲ. ಹೆಣ್ಣು ಎಂದು.

ತಿರಸ್ಕರಿಸಿದವರು ಯಾರೋ ಗುಮಾಸ್ತೆಯಲ್ಲ. ಸಂಸ್ಥೆಯ ನಿರ್ದೇಶಕರಾಗಿದ್ದ ಸಾಕ್ಷಾತ್ ಸಿ.ವಿ. ರಾಮನ್! 1930ರಲ್ಲಿ ನೊಬೆಲ್ ಪಡೆದು ದೇಶಕ್ಕೆ ದೇಶವೇ ಹೆಮ್ಮೆಪಟ್ಟ ರಾಮನ್. ಅವರು ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರು. ಅವರಿಗಿಂತ ಮೊದಲು ಆ ಕುರ್ಚಿಯಲ್ಲಿ ಕೂತವರೆಲ್ಲ ಬಿಳಿಯರೇ. ಭಾರತೀಯರ ಕೈಲಿ ಮೇಲ್ಮಟ್ಟದ ವಿಜ್ಞಾನ ಆಗದು ಎಂಬ ಮಾತು ಕೇಳಿ ಕೇಳಿ, ಆಗುತ್ತದೆ ಎಂದು ಮಾಡಿ ತೋರಿಸಿದ ಮನುಷ್ಯ, ಹೆಂಗಸರ ಕೈಲಿ ಆಗದು ಎಂದುಬಿಟ್ಟರು. ಇದನ್ನು ಓದಿದಾಗೆಲ್ಲ ನಾನು ಅಲ್ಲೇ ನಿಲ್ಲುತ್ತೇನೆ. ತನ್ನ ಮೇಲೆ ಹೊರಿಸಿದ ಮಾತು ಸುಳ್ಳೆಂದು ಗೊತ್ತಿದ್ದವರಿಗೂ ಅದೇ ಮಾತನ್ನು ಇನ್ನೊಬ್ಬರ ಮೇಲೆ ಹೊರಿಸುವುದು ಎಷ್ಟು ಸಲೀಸು ನೋಡಿ.

ಕಮಲಾ ಸುಮ್ಮನಾಗಲಿಲ್ಲ. ಅದು ಗಾಂಧೀಜಿಯ ಕಾಲ. ಉಪ್ಪಿನ ಸತ್ಯಾಗ್ರಹ ನಡೆದು ಮೂರು ವರ್ಷವಾಗಿತ್ತು. ಆಕೆ ಬೆಂಗಳೂರಿಗೇ ಬಂದು ರಾಮನ್ ಅವರನ್ನು ಎದುರಿಗೇ ಕಂಡಳು. ನಿರಾಕರಿಸಲು ಕಾರಣವೇನು ಎಂದು ಕೇಳಿದಳು, ಸೇರಿಸಿಕೊಳ್ಳುವ ತನಕ ಇಲ್ಲಿಂದ ಕದಲುವುದಿಲ್ಲ ಎಂದು ಅವರ ಕಚೇರಿಯ ಮುಂದೆ ಸತ್ಯಾಗ್ರಹಕ್ಕೆ ನಿಂತಳು. ಇಪ್ಪತ್ತರ ಆಸುಪಾಸಿನ ಹುಡುಗಿ. ಎದುರಿಗೆ ನೊಬೆಲ್ ಪಡೆದವರು, ರಾಮನ್ ಅವರ ಸಿಟ್ಟು ಬೇರೆ ಲೋಕಪ್ರಸಿದ್ಧ. ಕೊನೆಗೆ ಸೋತವರು ರಾಮನ್ನರೇ. ಸೇರಿಸಿಕೊಂಡರು. ಆದರೆ ಷರತ್ತಿನ ಮೇಲೆ.

ಆ ಷರತ್ತುಗಳನ್ನು ಬರೆದವರು ಸ್ವಲ್ಪ ಹೆಚ್ಚುಕಡಿಮೆಯಾಗಿ ಬರೆದಿದ್ದಾರೆ, ಆದರೆ ಸಾರ ಒಂದೇ. ಮೊದಲ ವರ್ಷ ಆಕೆ ಪರೀಕ್ಷಾರ್ಥವಾಗಿ ಇರತಕ್ಕದ್ದು, ಪೂರ್ಣ ವಿದ್ಯಾರ್ಥಿನಿ ಎಂದು ಲೆಕ್ಕವಿಲ್ಲ. ಕೆಲಸದ ಗುಣಮಟ್ಟ ನಿರ್ದೇಶಕರಿಗೆ ಒಪ್ಪಿಗೆಯಾಗುವ ತನಕ ಅದಕ್ಕೆ ಮಾನ್ಯತೆ ಇಲ್ಲ. ಮತ್ತು ಆಕೆಯ ಇರವಿನಿಂದ ಪ್ರಯೋಗಾಲಯದ ಗಂಡಸರ ಮನಸ್ಸು ಕದಡಕೂಡದು! ಈ ಕೊನೆಯ ಷರತ್ತನ್ನು ಗಮನಿಸಿ. ಕದಡುವುದು ಅವರ ಮನಸ್ಸು, ಜವಾಬ್ದಾರಿ ಮಾತ್ರ ಇವಳದು.

ನಿಜ ಹೇಳಿ, ಈ ಪಟ್ಟಿ ನಿಮಗೆ ಎಲ್ಲೋ ಕೇಳಿದಂತಿಲ್ಲವೆ? ನಾನು ಬಿ.ಎಸ್ಸಿ.ಗೆ ಸೇರುವಾಗ ನಮ್ಮ ಮನೆಯಲ್ಲೂ ಒಂದು ಪಟ್ಟಿ ತಯಾರಾಗಿತ್ತು. ಸಂಜೆ ದೀಪ ಹಚ್ಚುವುದರೊಳಗೆ ಮನೆ ಸೇರಬೇಕು. ಪ್ರಾಕ್ಟಿಕಲ್ ಇದೆ ಅಂತ ನೆಪ ಹೇಳಬಾರದು. ಒಳ್ಳೆಯ ಕಡೆಯಿಂದ ಗಂಡು ಬಂದರೆ ಓದು ಅಲ್ಲಿಗೇ ನಿಲ್ಲಬೇಕು. ನಮ್ಮಣ್ಣನಿಗೆ ಇಂಥ ಪಟ್ಟಿ ಇರಲಿಲ್ಲ. ಅವನು ಒಂದೇ ಪೇಪರಿನಲ್ಲಿ ಎರಡು ಸಲ ಕೂತರೂ ‘ಮುಂದಿನ ಸಲ ಆಗುತ್ತೆ ಬಿಡು’ ಎಂದು ಹಾಲು ಕಾಸಿ ಕೊಡುತ್ತಿದ್ದರು. ಹುಡುಗಿ ಓದಲಿ ಎನ್ನುವವರು ಎಲ್ಲ ಕಾಲದಲ್ಲೂ ಇದ್ದರು. ಓದಲಿ, ಆದರೆ... ಎನ್ನುವಾಗಿನ ಆ ‘ಆದರೆ’ಯ ಹಿಂದೆ ಇರುವುದೇ ಈ ಪಟ್ಟಿ.

ಕಮಲಾ ಅದಕ್ಕೂ ತಲೆಬಾಗಿದರು. ಆ ಸಂಸ್ಥೆಯಲ್ಲಿ ಅವರಿಗೆ ಶ್ರೀನಿವಾಸಯ್ಯ ಎಂಬ ಒಳ್ಳೆಯ ಗುರು ಸಿಕ್ಕಿದರು, ಕಟ್ಟುನಿಟ್ಟಿನವರು, ಆದರೆ ಕಲಿಯುವವರಿಗೆ ಧಾರಾಳವಾಗಿ ಕಲಿಸುವವರು. ಹಾಲಿನಲ್ಲಿ, ಬೇಳೆಕಾಳುಗಳಲ್ಲಿ ಇರುವ ಪ್ರೋಟೀನುಗಳ ಮೇಲೆ ಕಮಲಾ ಕೆಲಸ ಮಾಡಿದರು. ವರ್ಷ ಮುಗಿಯುವ ಹೊತ್ತಿಗೆ ರಾಮನ್ ಅವರಿಗೆ ಒಪ್ಪಿಗೆಯಾಯಿತು. ಕಮಲಾ ಪೂರ್ಣ ವಿದ್ಯಾರ್ಥಿನಿಯಾದರು, ಅಷ್ಟೇ ಅಲ್ಲ, ಆ ಬಳಿಕ ಬೇರೆ ಹುಡುಗಿಯರಿಗೂ ಬಾಗಿಲು ತೆರೆಯಿತು. 1936ರಲ್ಲಿ ಅವರು ಎಂ.ಎಸ್ಸಿ. ಪಡೆದರು, ಡಿಸ್ಟಿಂಕ್ಷನ್ ಸಹಿತ.

ಅಲ್ಲಿಂದ ಕೇಂಬ್ರಿಜ್. ನೊಬೆಲ್ ಪಡೆದಿದ್ದ ಫ್ರೆಡರಿಕ್ ಹಾಪ್ಕಿನ್ಸ್ ಅವರ ಜೀವರಸಾಯನ ವಿಭಾಗದಲ್ಲಿ ಜಾಗ ಸಿಕ್ಕಿತು. ಅಲ್ಲಿ ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತ ಅವರು ಸಸ್ಯಗಳ ಜೀವಕೋಶಗಳಲ್ಲಿಯೂ ‘ಸೈಟೋಕ್ರೋಮ್ ಸಿ’ ಇದೆ ಎಂದು ಕಂಡುಕೊಂಡರು. ಹೆಸರು ಕೇಳಿ ಹೆದರಬೇಡಿ. ನಾವು ತಿಂದ ಅನ್ನದಿಂದ ಶಕ್ತಿ ಬಿಡಿಸಿಕೊಳ್ಳುವಾಗ ಜೀವಕೋಶದೊಳಗೆ ಇಲೆಕ್ಟ್ರಾನುಗಳನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ಕೆಲಸವೊಂದಿದೆ, ಮದುವೆ ಮನೆಯಲ್ಲಿ ಅಡಿಗೆಯವರಿಂದ ಬಡಿಸುವವರಿಗೆ ಬಕೀಟು ದಾಟಿಸುವ ಹಾಗೆ. ಆ ಸಾಲಿನಲ್ಲಿ ನಿಂತ ಒಂದು ಪ್ರೋಟೀನು ಇದು. ಪ್ರಾಣಿಗಳಲ್ಲಿರುವ ಅದೇ ವ್ಯವಸ್ಥೆ ಗಿಡಮರಗಳಲ್ಲೂ ಇದೆ ಎಂಬುದು ದೊಡ್ಡ ಸಂಗತಿ. ಈ ಕುರಿತ ಪ್ರಬಂಧವನ್ನು ಅವರು ಹದಿನಾಲ್ಕೇ ತಿಂಗಳಲ್ಲಿ ಮುಗಿಸಿದರು. ಒಟ್ಟು ಸುಮಾರು ನಲವತ್ತು ಪುಟ! ಈಗಿನ ಐನೂರು ಪುಟಗಳ ಪ್ರಬಂಧಗಳನ್ನು ಕಂಡಾಗ ಈ ನಲವತ್ತು ಪುಟ ನನಗೆ ನೆನಪಾಗುತ್ತದೆ. 1939ರಲ್ಲಿ ಪಿಎಚ್.ಡಿ. ಕೈಗೆ ಬಂತು. ಅದೇ ವರ್ಷ ಅವರು ಭಾರತಕ್ಕೆ ಹಿಂತಿರುಗಿದರು.

ಮುಂದಿನದು ದೀರ್ಘವಾದ ದುಡಿಮೆಯ ಬದುಕು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜು, ಕೂನೂರಿನ ಪೋಷಣ ಸಂಶೋಧನಾಲಯ, 1947ರಲ್ಲಿ ಮದುವೆ, ಆಮೇಲೆ ಬೊಂಬಾಯಿಯ ವಿಜ್ಞಾನ ಸಂಸ್ಥೆ. ಅಲ್ಲಿ ಅವರೂ ಅವರ ವಿದ್ಯಾರ್ಥಿಗಳೂ ಮಾಡಿದ ಕೆಲಸ ನಮ್ಮ ಅಡಿಗೆಮನೆಗೆ ಬಲು ಹತ್ತಿರದ್ದು. ಕಾಳುಗಳಲ್ಲಿ ಪ್ರೋಟೀನು ಹೇರಳವಾಗಿದೆ, ನಿಜ. ಆದರೆ ಆ ಪ್ರೋಟೀನನ್ನು ಜೀರ್ಣಿಸುವ ಟ್ರಿಪ್ಸಿನ್ ಎಂಬ ಕಿಣ್ವಕ್ಕೆ ಅಡ್ಡಗಾಲು ಹಾಕುವ ವಸ್ತುವೂ ಅದೇ ಕಾಳಿನಲ್ಲಿರುತ್ತದೆ. ಅವರು ಪರೀಕ್ಷಿಸಿದ ಕಾಳುಗಳಲ್ಲಿ ನಮ್ಮ ಅವರೆಯೂ ಒಂದು. ಹಸಿಯಾಗಿ ತಿಂದರೆ ತೊಂದರೆ, ಚೆನ್ನಾಗಿ ಬೇಯಿಸಿದರೆ ಆ ಅಡ್ಡಗಾಲಿನ ಬಲ ಬಹುಮಟ್ಟಿಗೆ ಕುಂದುತ್ತದೆ. ‘ಅವರೆಕಾಳು ಇನ್ನೂ ಒಂದು ಕುದಿ ಬರಲಿ’ ಎಂದು ನಮ್ಮ ಅಜ್ಜಿಯರು ಗದರುತ್ತಿದ್ದರಲ್ಲ, ಅದರ ಹಿಂದೆ ಇಂಥದೊಂದು ಲೆಕ್ಕಾಚಾರವಿತ್ತು. ಬಾಬು ರಾಜೇಂದ್ರ ಪ್ರಸಾದರ ಸೂಚನೆಯ ಮೇರೆಗೆ ನೀರಾದ ಮೇಲೂ ಕೆಲಸ ಮಾಡಿ, ಹುಳಿಯದ ಆ ಮರದ ರಸದಲ್ಲಿ ಜೀವಸತ್ವ, ಕಬ್ಬಿಣ ಎಲ್ಲ ಇವೆ, ಬಡವರ ಮಕ್ಕಳಿಗೂ ಬಸುರಿಯರಿಗೂ ಅದು ಒಳ್ಳೆಯದು ಎಂದು ತೋರಿಸಿ ರಾಷ್ಟ್ರಪತಿ ಪ್ರಶಸ್ತಿ ಪಡೆದರು. ಇಷ್ಟೆಲ್ಲ ಇದ್ದೂ ಆ ಸಂಸ್ಥೆಯ ನಿರ್ದೇಶಕಿಯ ಸ್ಥಾನ ಅವರಿಗೆ ಬರಬೇಕಾದ್ದಕ್ಕಿಂತ ನಾಲ್ಕು ವರ್ಷ ತಡವಾಗಿ ಬಂತು.

ಇನ್ನು ಕಮಲಾ ಅವರು ಬಿಟ್ಟುಹೋದ ಬೆಂಗಳೂರಿಗೆ ಬರೋಣ. ಅವರು ತೆರೆಸಿದ ಬಾಗಿಲಿನಿಂದ ಒಳಗೆ ಬಂದವರ ಗತಿ ಏನಾಯಿತು?

ರಾಮನ್ ಅವರ ಸ್ವಂತ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಹೆಣ್ಣುಮಕ್ಕಳು ಮೂವರೇ. ಲಲಿತಾ ದೊರೈಸ್ವಾಮಿ 1936ರಲ್ಲಿ ಖಗೋಳ ವಿಜ್ಞಾನಿ ಚಂದ್ರಶೇಖರ್ ಅವರ ಕೈಹಿಡಿದು ದೇಶ ಬಿಟ್ಟರು. ಅಲ್ಲಿಗೆ ಅವರ ಸಂಶೋಧನೆ ಮುಗಿಯಿತು. 1983ರಲ್ಲಿ ಗಂಡನಿಗೆ ನೊಬೆಲ್ ಬಂತು. ಸುನಂದಾಬಾಯಿ ಎಂಬುವರು ಬೆಳಕಿನ ಚದರಿಕೆಯ ಬಗ್ಗೆ ತಾವೊಬ್ಬರೇ ಬರೆದ ಹಲವು ಲೇಖನಗಳನ್ನು ಪ್ರಕಟಿಸಿದರು, ಪಿಎಚ್.ಡಿ. ಪ್ರಬಂಧವನ್ನೂ ಮುಗಿಸಿದರು. ಪದವಿ ಸಿಗಲಿಲ್ಲ. ಮುಂದಿನ ಸಂಶೋಧನೆಗೆಂದು ಸ್ವೀಡನ್ನಿಗೆ ಹೊರಡಬೇಕಿದ್ದ ಆಕೆ ತಮ್ಮ ಜೀವ ತಾವೇ ತೆಗೆದುಕೊಂಡರು. ಅವರ ವಿಷಯ ನಾನು ಇಷ್ಟೇ ಹೇಳಬಲ್ಲೆ. ಯಾವ ಸಾಮಾನ್ಯ ಜ್ಞಾನದ ಪುಸ್ತಕದಲ್ಲೂ ಅವರ ಹೆಸರಿಲ್ಲ.

ಮೂರನೆಯವರು ಅಣ್ಣಾ ಮಣಿ. ತಿರುವಾಂಕೂರಿನ ಪೀರ್‌ಮೇಡಿನಲ್ಲಿ 1918ರಲ್ಲಿ ಹುಟ್ಟಿದವರು, ಎಂಟು ಮಕ್ಕಳಲ್ಲಿ ಏಳನೆಯವರು. ತಂದೆ ಇಂಜಿನಿಯರು, ಏಲಕ್ಕಿ ತೋಟಗಳ ಒಡೆಯ. ಗಂಡುಮಕ್ಕಳನ್ನು ದೊಡ್ಡ ಹುದ್ದೆಗೆ, ಹೆಣ್ಣುಮಕ್ಕಳನ್ನು ಮದುವೆಗೆ ಅಣಿಗೊಳಿಸುವ ಮನೆ. ಎಂಟನೆಯ ಹುಟ್ಟುಹಬ್ಬಕ್ಕೆ ಹೆಣ್ಣುಮಕ್ಕಳಿಗೆ ವಜ್ರದ ಓಲೆ ಕೊಡುವುದು ಆ ಮನೆಯ ಪದ್ಧತಿ. ಈ ಹುಡುಗಿ ಓಲೆ ಬೇಡ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಬೇಕು ಎಂದಳು. ಕೊಡಿಸಿದರು ಕೂಡ! ಆ ತಂದೆಗೊಂದು ನಮಸ್ಕಾರ. ವೈಕಂ ಸತ್ಯಾಗ್ರಹದ ಕಾಲದಲ್ಲಿ ಗಾಂಧೀಜಿ ಆ ಕಡೆ ಬಂದುಹೋದದ್ದು ಅವಳ ಮನಸ್ಸಿನಲ್ಲಿ ನಿಂತಿತು. ಮುಂದೆ ಖಾದಿ ಉಟ್ಟವರು ಬದುಕಿನ ಕೊನೆಯವರೆಗೂ ಖಾದಿಯನ್ನೇ ಉಟ್ಟರು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1939ರಲ್ಲಿ ಬಿ.ಎಸ್ಸಿ. ಆನರ್ಸ್ ಮುಗಿಸಿ, ಮರುವರ್ಷ ವಿದ್ಯಾರ್ಥಿವೇತನ ಪಡೆದು ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ರಾಮನ್ ಆಗ ವಜ್ರಗಳ ಬೆನ್ನು ಹತ್ತಿದ್ದರು. ವಜ್ರದ ಓಲೆ ಬೇಡವೆಂದ ಹುಡುಗಿಯ ಕೈಗೆ ಈಗ ಮೂವತ್ತಕ್ಕೂ ಹೆಚ್ಚು ವಜ್ರಗಳು ಬಂದವು, ಮಾಣಿಕ್ಯಗಳೂ. ಅವುಗಳ ಮೇಲೆ ಬೆಳಕು ಬಿಟ್ಟು, ಅವು ಹೊಮ್ಮಿಸುವ ಬೆಳಕಿನ ವರ್ಣಪಟಲವನ್ನು ಫೋಟೋ ಪ್ಲೇಟಿನ ಮೇಲೆ ಹಿಡಿಯಬೇಕು. ಬೆಳಕು ಎಷ್ಟು ಕ್ಷೀಣವೆಂದರೆ ಒಂದೊಂದು ಪ್ಲೇಟಿಗೂ ಹದಿನೈದು, ಇಪ್ಪತ್ತು ಗಂಟೆ ಹಿಡಿಯುತ್ತಿತ್ತು. ಎಷ್ಟೋ ರಾತ್ರಿ ಅವರು ಪ್ರಯೋಗಾಲಯದಲ್ಲೇ ಮಲಗಿದರು. 1942ರಿಂದ 1945ರೊಳಗೆ ಅವರೊಬ್ಬರೇ ಬರೆದ ಐದು ಲೇಖನಗಳು ಪ್ರಕಟವಾದವು.

ಒಳಗೆ ಬಿಟ್ಟುಕೊಂಡದ್ದೇನೋ ಸರಿ. ಕಮಲಾ ಅವರಿಗೆ ಬಾಯಲ್ಲಿ ಹೇಳಿದ ಆ ಮೂರನೆಯ ಷರತ್ತು ಈಗ ಗೋಡೆಯಾಗಿ ನಿಂತಿತ್ತು. ಗಂಡುಹುಡುಗರು ಹುಡುಗಿಯರು ಬೆರೆತು ಮಾತಾಡುವುದು ರಾಮನ್ ಅವರಿಗೆ ಸೇರುತ್ತಿರಲಿಲ್ಲ. ಇಬ್ಬರು ಜೊತೆಯಾಗಿ ನಡೆದುಹೋದರೂ ಅವರ ಕಣ್ಣಿಗೆ ಅದು ನಾಚಿಕೆಗೇಡು. ಇದರಿಂದ ಹುಡುಗಿಯರಿಗೆ ನಷ್ಟವಾದದ್ದು ಹರಟೆಯಲ್ಲ. ವಿಜ್ಞಾನ ಬೆಳೆಯುವುದು ಮಾತಿನಲ್ಲಿ. ನನ್ನ ಪ್ಲೇಟಿನಲ್ಲಿ ಈ ಗೆರೆ ಯಾಕೆ ಬಂತು, ನಿನ್ನದರಲ್ಲಿ ಬಂತೆ, ಹೀಗೆ ಮಾಡಿ ನೋಡು ಎನ್ನುವ ಮಾತಿನಲ್ಲಿ. ಕಾಫಿಯ ಹೊತ್ತಿನ ಆ ಮಾತು ಗಂಡುಹುಡುಗರಿಗೆ ದಿನನಿತ್ಯ ಸಿಗುತ್ತಿತ್ತು. ಹುಡುಗಿಯೊಬ್ಬಳು ಉಪಕರಣ ಹಿಡಿಯುವುದರಲ್ಲಿ ಚೂರು ತಪ್ಪಿದರೆ ಅದು ಇಡೀ ಹೆಣ್ಣುಜಾತಿಯ ಕೈಲಾಗದತನಕ್ಕೆ ಸಾಕ್ಷಿಯಾಗುತ್ತಿತ್ತು. ಗಂಡುಹುಡುಗ ತಪ್ಪಿದರೆ ಅದು ಅವನೊಬ್ಬನ ತಪ್ಪು.

1945ರ ಆಗಸ್ಟಿನಲ್ಲಿ ಅಣ್ಣಾ ಮಣಿ ತಮ್ಮ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಆಗ ಟಾಟಾ ಇನ್‌ಸ್ಟಿಟ್ಯೂಟಿಗೆ ತಾನೇ ಪದವಿ ಕೊಡುವ ಅಧಿಕಾರವಿರಲಿಲ್ಲ. ಮದರಾಸಿನವರು ಪ್ರಬಂಧದಲ್ಲಿ ಕೊರೆ ತೆಗೆಯಲಿಲ್ಲ. ನಿಮಗೆ ಎಂ.ಎಸ್ಸಿ. ಇಲ್ಲ, ಆದ್ದರಿಂದ ಪಿಎಚ್.ಡಿ. ಕೊಡಲು ಬರುವುದಿಲ್ಲ ಎಂದರು. ಆನರ್ಸ್ ಪದವಿ ಇತ್ತು, ಐದು ವರ್ಷದ ದುಡಿಮೆಯಿತ್ತು, ಅಚ್ಚಾದ ಲೇಖನಗಳಿದ್ದವು. ಒಂದು ಕಾಗದ ಮಾತ್ರ ಇರಲಿಲ್ಲ.

ಹೆಣ್ಣು ಎಂದು ಬೇಡ ಎನ್ನುವುದು ಒಂದು ಬಗೆ. ಅದಕ್ಕೆ ಸತ್ಯಾಗ್ರಹ ಮಾಡಬಹುದು. ನಿಯಮದಲ್ಲಿ ಅವಕಾಶವಿಲ್ಲ ಎಂಬ ಮಾತಿನೆದುರು ಯಾರ ಬಾಗಿಲಲ್ಲಿ ಕೂರುವುದು? ರಾಮನ್ ಮನಸ್ಸು ಮಾಡಿದ್ದರೆ ಒಂದು ಕಾಗದ ಬರೆದು ತಮ್ಮ ವಿದ್ಯಾರ್ಥಿನಿಗಾಗಿ ವಾದಿಸಬಹುದಿತ್ತು ಎಂದು ನನಗಂತೂ ಅನ್ನಿಸುತ್ತದೆ. ಅವರ ಮಾತನ್ನು ತೆಗೆದುಹಾಕುವ ಧೈರ್ಯ ಆ ಕಾಲದಲ್ಲಿ ಯಾವ ವಿಶ್ವವಿದ್ಯಾಲಯಕ್ಕಿತ್ತು?

ಇದೇ ಕಾಗದದ ಮಾತು ಇನ್ನೊಬ್ಬ ಹುಡುಗಿಗೂ ಎದುರಾಯಿತು. ಆಕೆ ನಮ್ಮವಳೇ, ಮೈಸೂರು ಸಂಸ್ಥಾನದವಳು. ನಂಜನಗೂಡಿನ ವಕೀಲರೊಬ್ಬರ ಮಗಳು ರಾಜೇಶ್ವರಿ, ಹುಟ್ಟಿದ್ದು 1922ರಲ್ಲಿ. ಆಕೆಯ ಬೆನ್ನಿಗೆ ಒಬ್ಬ ಅಜ್ಜಿ ಇದ್ದರು. ಕಮಲಮ್ಮ ದಾಸಪ್ಪ, ನಮ್ಮ ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ಬೆಂಗಳೂರಿನ ಮಹಿಳಾ ಸೇವಾ ಸಮಾಜಕ್ಕಾಗಿ ದುಡಿದವರು, ವಿಧವೆಯರೂ ಗಂಡ ಬಿಟ್ಟವರೂ ಓದಿ ಸ್ವಂತ ಕಾಲ ಮೇಲೆ ನಿಲ್ಲಬೇಕೆಂದು ಹಂಬಲಿಸಿದವರು. ಆ ಸಮಾಜದ ಶಾಲೆಯಲ್ಲೇ ಮೊಮ್ಮಗಳು ಓದಿದ್ದು. ಕಮಲಾ ಸೊಹೊನಿಗೆ ತಂದೆ, ಅಣ್ಣಾ ಮಣಿಗೆ ತಂದೆ, ಈಕೆಗೆ ಅಜ್ಜಿ! ಬೆನ್ನಿಗೆ ಒಬ್ಬ ಹೆಂಗಸಿದ್ದ ಈ ಹುಡುಗಿಯ ಕತೆ ಉಳಿದವರದಕ್ಕಿಂತ ಸ್ವಲ್ಪ ಬೇರೆಯಾಗಿದೆ. ಅದು ಆಕಸ್ಮಿಕವೋ ಏನೋ, ನೀವೇ ಯೋಚಿಸಿ.

ರಾಜೇಶ್ವರಿ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಎಂ.ಎಸ್ಸಿ.ಯಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೇ ಮೊದಲಿಗಳಾದಳು. ರಾಮನ್ ಅವರ ಕೈಕೆಳಗೆ ಸಂಶೋಧನೆ ಮಾಡಬೇಕೆಂದು ಅವರಲ್ಲಿಗೆ ಹೋದಳು. ನಿನಗೆ ಭೌತಶಾಸ್ತ್ರದ ಪದವಿ ಇಲ್ಲವಲ್ಲ ಎಂದರು ಅವರು. ಆಕೆ ಬಾಗಿಲಲ್ಲಿ ಕೂರಲಿಲ್ಲ, ಅತ್ತುಕೊಂಡು ಮನೆಗೂ ಹೋಗಲಿಲ್ಲ. ಅದೇ ಆವರಣದಲ್ಲಿ ವಿದ್ಯುತ್ ತಂತ್ರಜ್ಞಾನದ ವಿಭಾಗವಿತ್ತು. 1943ರಲ್ಲಿ ಅಲ್ಲಿ ಸೇರಿಕೊಂಡಳು. ಒಂದು ಮನೆಯ ಕದ ಮುಚ್ಚಿದ್ದರೆ ಪಕ್ಕದ ಮನೆಯ ಕದ ತಟ್ಟುವ ಜಾಣತನ ಅದು.

ಎರಡನೆಯ ಮಹಾಯುದ್ಧ ಮುಗಿದಾಗ ಸರ್ಕಾರ ಬುದ್ಧಿವಂತ ವಿದ್ಯಾರ್ಥಿಗಳಿಗೆ ವಿದೇಶದ ಓದಿಗೆ ವಿದ್ಯಾರ್ಥಿವೇತನ ಕೊಡತೊಡಗಿತು. ಈಕೆಗೂ ಸಿಕ್ಕಿತು. 1947ರ ಜುಲೈಯಲ್ಲಿ, ಇಪ್ಪತ್ತೈದರ ಅವಿವಾಹಿತ ಹುಡುಗಿ, ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ಹಡಗೊಂದನ್ನೇರಿ ಒಂದು ತಿಂಗಳ ಪಯಣಕ್ಕೆ ಹೊರಟಳು. ಅದೇ ಮಿಷಿಗನ್ ವಿಶ್ವವಿದ್ಯಾಲಯ, ಜಾನಕಿ ಅಮ್ಮಾಳ್ ಓದಿದ್ದ ಊರು. ಆ ಕಾಲದಲ್ಲಿ ನಮ್ಮ ಅಮ್ಮಂದಿರು ನಂಜನಗೂಡಿನಿಂದ ಮೈಸೂರಿಗೆ ಹೋಗಬೇಕಾದರೂ ಜೊತೆಗೆ ಯಾರಾದರೂ ಬೇಕಿತ್ತು! ಅಲ್ಲಿ ಇಂಜಿನಿಯರಿಂಗಿನಲ್ಲಿ ಮಾಸ್ಟರ್ ಪದವಿ, ವಾಷಿಂಗ್ಟನ್ನಿನಲ್ಲಿ ಎಂಟು ತಿಂಗಳ ತರಬೇತಿ, ಮತ್ತೆ ಮಿಷಿಗನ್ನಿನಲ್ಲಿ ಪಿಎಚ್.ಡಿ. 1953ರಲ್ಲಿ ಹಿಂತಿರುಗಿ ಬಂದದ್ದು ಟಾಟಾ ಇನ್‌ಸ್ಟಿಟ್ಯೂಟಿಗೇ. ಈ ಸಲ ಅರ್ಜಿ ಹಿಡಿದ ವಿದ್ಯಾರ್ಥಿನಿಯಾಗಿ ಅಲ್ಲ, ಪಾಠ ಹೇಳುವ ಅಧ್ಯಾಪಕಿಯಾಗಿ. ವಿಭಾಗದಲ್ಲಿ ಇನ್ನೊಬ್ಬ ಹೆಂಗಸಿರಲಿಲ್ಲ.

ಅದೇ ವರ್ಷ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಗಂಡಹೆಂಡಿರು ಸೇರಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. ನಮ್ಮ ದೇಶದಲ್ಲಿ ಆ ವಿಷಯ ಆಗ ಹೊಸದು. ಈಗ ಅಡಿಗೆಮನೆಯ ಕಟ್ಟೆಯ ಮೇಲೆ ಕೂತು ಸಾರು ಬಿಸಿ ಮಾಡುವ ಪೆಟ್ಟಿಗೆಯಲ್ಲಿರುವುದೂ ಅದೇ ಜಾತಿಯ ಅಲೆ. ಅವರು ಕೆಲಸ ಮಾಡಿದ್ದು ಮಾತ್ರ ವಿಮಾನಗಳಿಗೆ, ಬಾಹ್ಯಾಕಾಶ ನೌಕೆಗಳಿಗೆ ಬೇಕಾದ ಆಂಟೆನಾಗಳ ಮೇಲೆ. ಇಪ್ಪತ್ತು ಜನ ಅವರ ಕೈಕೆಳಗೆ ಪಿಎಚ್.ಡಿ. ಪಡೆದರು. ವಿಭಾಗದ ಮುಖ್ಯಸ್ಥೆಯೂ ಆದರು. ಒಬ್ಬ ಮಗಳು, ಆಕೆಯೂ ಅಮೆರಿಕದಲ್ಲಿ ಇದೇ ಶಾಸ್ತ್ರದ ಪ್ರಾಧ್ಯಾಪಕಿಯಾದರು. 1982ರಲ್ಲಿ ನಿವೃತ್ತರಾದ ಮೇಲೆ ಅವರು ಮನೆಯಲ್ಲಿ ಕೂರದೆ ಸ್ತ್ರೀ ಅಧ್ಯಯನದ ಸಂಘದಲ್ಲಿ ದುಡಿದರು. ಅಜ್ಜಿ ಹಿಡಿದ ಕೆಲಸವನ್ನು ಮೊಮ್ಮಗಳು ಇನ್ನೊಂದು ತುದಿಯಿಂದ ಹಿಡಿದ ಹಾಗೆ. 2010ರಲ್ಲಿ ತೀರಿಕೊಂಡರು.

ಒಂದೇ ಆವರಣ, ಹನ್ನೆರಡು ವರ್ಷಗಳ ಅವಧಿ, ಮೂವರು ಹುಡುಗಿಯರು. ಆದದ್ದನ್ನು ಮೂವರೂ ಮೂರು ರೀತಿ ನೆನಪಿಟ್ಟುಕೊಂಡರು. ಕಮಲಾ ಮರೆಯಲಿಲ್ಲ. ವಯಸ್ಸಾದ ಮೇಲೂ ಸಭೆಯಲ್ಲಿ ಎದ್ದು ನಿಂತು, ರಾಮನ್ ಮಹಾ ವಿಜ್ಞಾನಿ ಹೌದು, ಆದರೆ ಸಂಕುಚಿತ ಮನಸ್ಸಿನವರಾಗಿದ್ದರು, ಹೆಣ್ಣೆಂಬ ಒಂದೇ ಕಾರಣಕ್ಕೆ ನನ್ನನ್ನು ನಡೆಸಿಕೊಂಡ ರೀತಿಯನ್ನು ಮರೆಯಲಾರೆ ಎಂಬರ್ಥದಲ್ಲಿ ಹೇಳಿದರು. ರಾಜೇಶ್ವರಿ ಅದನ್ನು ದಾಟಿ ನಡೆದರು, ನಿವೃತ್ತಿಯ ನಂತರ ಬೇರೆ ಹೆಂಗಸರ ಪರವಾಗಿ ಕೆಲಸಕ್ಕಿಳಿದರು. ಅಣ್ಣಾ ಮಣಿಯದು ಮೂರನೆಯ ದಾರಿ. ತನಗೆ ಅನ್ಯಾಯವಾಯಿತು ಎಂಬುದನ್ನೇ ಅವರು ಒಪ್ಪಲಿಲ್ಲ. ಪದವಿ ಸಿಗದ್ದರಿಂದ ನನಗೇನೂ ಕಡಿಮೆಯಾಗಲಿಲ್ಲ ಎಂದರು. ಹೆಣ್ಣಾಗಿ ವಿಜ್ಞಾನದಲ್ಲಿದ್ದುದಕ್ಕೆ ಇಷ್ಟೊಂದು ಗದ್ದಲವೇಕೆ ಎಂದು ಕೇಳಿದವರನ್ನೇ ಕೇಳಿದರು.

ಅವರ ಮಾತಿಗೆ ಆಧಾರವೂ ಇತ್ತೆನ್ನಿ. ಪ್ರಬಂಧ ಸಲ್ಲಿಸಿದ ವರ್ಷವೇ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿಗೆ ಹೋದರು. ಭೌತಶಾಸ್ತ್ರ ಓದಬೇಕೆಂದಿದ್ದರು, ಸಿಕ್ಕಿದ್ದು ಹವಾಮಾನದ ಉಪಕರಣಗಳ ವಿಷಯ. ಸಿಕ್ಕಿದ್ದನ್ನೇ ಹಿಡಿದರು. 1948ರಲ್ಲಿ ಪುಣೆಯ ಹವಾಮಾನ ಇಲಾಖೆಗೆ ಸೇರಿದರು. ಮಳೆ ಅಳೆಯುವ, ಗಾಳಿ ಅಳೆಯುವ ಸಣ್ಣಪುಟ್ಟ ಸಾಧನಗಳಿಗೂ ಆಗ ನಾವು ಪರದೇಶದ ಮುಖ ನೋಡಬೇಕಿತ್ತು. ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿ ಇಲ್ಲೇ ತಯಾರಾಗುವಂತೆ ಮಾಡಿದರು. ದೇಶದ ತುಂಬ ಸೂರ್ಯನ ಶಾಖ ಅಳೆಯುವ ಕೇಂದ್ರಗಳನ್ನು ಹೂಡಿದರು, ಓಜೋನ್ ಅಳೆಯುವ ಉಪಕರಣ ರೂಪಿಸಿದರು. 1963ರಲ್ಲಿ ವಿಕ್ರಮ್ ಸಾರಾಭಾಯಿ ಕೇಳಿಕೊಂಡಾಗ ತುಂಬಾ ರಾಕೆಟ್ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯ ಕಟ್ಟಿಕೊಟ್ಟರು. ತಪ್ಪು ಅಳತೆಗಿಂತ ಅಳೆಯದಿರುವುದೇ ವಾಸಿ ಎಂಬುದು ಅವರ ಹಟ. ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು. ಮದುವೆಯಾಗಲಿಲ್ಲ. 1980 ಮತ್ತು 1981ರಲ್ಲಿ ಭಾರತದ ಬಿಸಿಲನ್ನು ಲೆಕ್ಕ ಹಾಕಿದ ಅವರ ಎರಡು ಗ್ರಂಥಗಳು ಬಂದವು. ಇಂದು ಮನೆಯ ತಾರಸಿಯ ಮೇಲೆ ಸೋಲಾರ್ ಹಾಕಿಸಿಕೊಂಡವರು ಅವರ ಹೆಸರು ಕೇಳಿರಲಾರರು.

ಮೂವರಲ್ಲಿ ಯಾರ ರೀತಿ ಸರಿ? ನನಗೆ ಕಮಲಾ ಹತ್ತಿರದವರು. ಅವರು ಬಾಯಿಬಿಟ್ಟು ಹೇಳದಿದ್ದರೆ ಆ ಷರತ್ತುಗಳು ನಮಗೆ ತಿಳಿಯುತ್ತಲೇ ಇರಲಿಲ್ಲ, ಚುಕ್ಕೆಗಳ ಸಾಲಿನಲ್ಲೇ ಹುದುಗಿಹೋಗುತ್ತಿದ್ದವು. ಆದರೆ ನನ್ನ ಸ್ನೇಹಿತೆಯೊಬ್ಬಳು ಒಪ್ಪುವುದಿಲ್ಲ. ಅವಳು ಮೂವತ್ತು ವರ್ಷ ಕಚೇರಿಯಲ್ಲಿ ದುಡಿದವಳು. ‘ದಿನಾ ಅದನ್ನೇ ಎಣಿಸುತ್ತ ಕೂತರೆ ಕೆಲಸ ಮಾಡುವುದು ಯಾವಾಗ? ಅಣ್ಣಾ ಮಣಿಯೇ ಸರಿ’ ಎನ್ನುತ್ತಾಳೆ. ಇರಬಹುದು. ಅಣ್ಣಾ ಮಣಿಯವರ ಮೌನವನ್ನು ಸೋಲೆಂದು ಕರೆಯಲು ನನಗೂ ಮನಸ್ಸಿಲ್ಲ. ಆದರೆ ಸುನಂದಾಬಾಯಿಗೆ ಅಷ್ಟು ಗಟ್ಟಿ ಮನಸ್ಸಿರಲಿಲ್ಲವಲ್ಲ, ಅವರ ಪರವಾಗಿ ಮಾತಾಡುವವರು ಯಾರು ಎಂಬ ಪ್ರಶ್ನೆಗೆ ನನ್ನ ಸ್ನೇಹಿತೆಯೂ ಉತ್ತರ ಹೇಳಿಲ್ಲ.

ಕಮಲಾ ಸೊಹೊನಿಯವರನ್ನು 1998ರಲ್ಲಿ ದೆಹಲಿಗೆ ಕರೆಸಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಸನ್ಮಾನಿಸಿದರು. ಆ ಸಮಾರಂಭದಲ್ಲೇ ಅವರು ಕುಸಿದುಬಿದ್ದರು, ಸ್ವಲ್ಪ ಕಾಲದಲ್ಲೇ ತೀರಿಕೊಂಡರು. ಅಣ್ಣಾ ಮಣಿ 2001ರ ಆಗಸ್ಟಿನಲ್ಲಿ ತಿರುವನಂತಪುರದಲ್ಲಿ ಕಣ್ಣುಮುಚ್ಚಿದರು. ಅವರು 1945ರಲ್ಲಿ ಸಲ್ಲಿಸಿದ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯ ಸೇರಿತು. ಪಿಎಚ್.ಡಿ. ಪಡೆದ ಉಳಿದ ವಿದ್ಯಾರ್ಥಿಗಳ ಪ್ರಬಂಧಗಳ ಜೊತೆಯಲ್ಲೇ ಅದನ್ನೂ ಬೈಂಡು ಮಾಡಿ ಇಟ್ಟರು. ಹೊರಗಿನಿಂದ ನೋಡಿದರೆ ಅದಕ್ಕೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ.